ಬೆಂಕಿಗೆ ಬಗ್ಗಿದ ಕಂಬಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಎಳೆಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಎಳೆಯಳೆಂದಲ್ಲ, ನಲವತ್ತಾರು ದಾಟಿ ಮಂಡಿನೋವು ಶುರುವಾಗಿತ್ತು. ಎಳೆ ಹಿಡಿಯುವವಳು ಎಂಬ ಅರ್ಥದಲ್ಲಿ. ಮರಳಿನಿಂದ ಎಣ್ಣೆ ಹಿಂಡಲು ಹೊರಟವರ ಮಾತು ಕೇಳಿದ್ದೇವೆ, ಈ ಕಾರ್ಖಾನೆಯವರು ಕಲ್ಲಿನಿಂದ ನೂಲು ತೆಗೆಯುತ್ತಿದ್ದರು. ಬಸಾಲ್ಟ್ ಎಂಬ ಕರಿಗಲ್ಲಿನ ಜಲ್ಲಿ ಮೇಲಿನಿಂದ ಕುಲುಮೆಗೆ ಬೀಳುತ್ತಿತ್ತು, ಒಳಗೆ ಪಾಕದಂತೆ ಕರಗುತ್ತಿತ್ತು, ಕೆಳಗಿನ ತಟ್ಟೆಯ ನಾನೂರು ತೂತುಗಳಿಂದ ಕೂದಲಿಗಿಂತ ಸಣ್ಣ ಎಳೆಗಳಾಗಿ ಇಳಿಯುತ್ತಿತ್ತು. ಎಳೆ ತುಂಡಾದ ಕಡೆ ಕೈ ಚಾಚಿ ಹಿಡಿದು, ಉಳಿದವುಗಳ ಜೊತೆ ಸೇರಿಸಿ, ತಿರುಗುವ ಉರುಳೆಗೆ ಕೊಡುವುದು ಅವಳ ಕೆಲಸ. ಎಳೆಯ ಚೂರು ಚುಚ್ಚಿ ಹತ್ತೊಂಬತ್ತು ವರ್ಷ ಮೊಣಕೈ ತುರಿಸಿಕೊಳ್ಳುತ್ತಲೇ ಮಾಡಿದ್ದಳು.

ಆ ನೂಲಿನ ಕಟ್ಟನ್ನು ಅಂಟಿನಲ್ಲಿ ಅದ್ದಿ, ಎಳೆದು, ಬಿಸಿಯಲ್ಲಿ ಒಣಗಿಸಿದರೆ ಬೆರಳು ದಪ್ಪದ ಕರಿ ಕೋಲು. ಕಬ್ಬಿಣದ ಬದಲು ಕಾಂಕ್ರೀಟಿನೊಳಗೆ ಇಡುವುದಕ್ಕೆ. ತೂಕ ಕಬ್ಬಿಣದ ಕಾಲು ಭಾಗ, ಜಗ್ಗಿದರೆ ಕಬ್ಬಿಣಕ್ಕಿಂತ ಗಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ತುಕ್ಕು ಹಿಡಿಯುವುದಿಲ್ಲ. ಸಮುದ್ರದ ಉಪ್ಪುಗಾಳಿ ಹಗಲೂ ರಾತ್ರಿ ಬೀಸುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿಯ ಹಳೇ ಹೆರಿಗೆ ಆಸ್ಪತ್ರೆಯಲ್ಲಿ ಛಾವಣಿಯೊಳಗಿನ ಕಬ್ಬಿಣ ಉಬ್ಬಿ, ಸಿಮೆಂಟು ಚಕ್ಕೆ ಚಕ್ಕೆಯಾಗಿ ಬಾಣಂತಿಯರ ಮಂಚದ ಮೇಲೆ ಉದುರತೊಡಗಿ, ಕೊನೆಗೆ ಕಟ್ಟಡವನ್ನೇ ಕೆಡವಿದ್ದರು. ಹೊಸದಕ್ಕೆ ಕರಿಗಲ್ಲಿನ ಕಂಬಿಯನ್ನೇ ಹಾಕುವುದೆಂದು ತೀರ್ಮಾನವಾದಾಗ ಎಳೆಯಕ್ಕನಿಗೆ ತನ್ನ ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಷ್ಟು ಖುಷಿ. "ಕಂಬಿ ಕಟ್ಟೋಕೆ ನನ್ನ ತಮ್ಮನ್ನ ಕರೀರಿ, ಅವನಷ್ಟು ಅಚ್ಚುಕಟ್ಟಾಗಿ ಕಟ್ಟೋರು ಈ ಊರಲ್ಲೇ ಇಲ್ಲ" ಎಂದು ಆಫೀಸಿನವರಿಗೆ ಹೇಳಿದವಳೂ ಅವಳೇ.

ತಮ್ಮ ಅಚ್ಚುಕಟ್ಟಿನವನೇ, ಅದರಲ್ಲಿ ಎರಡು ಮಾತಿಲ್ಲ. ಅಮ್ಮ ಸತ್ತಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೈದು. ಅವಳ ಸೆರಗು ಹಿಡಿದು ಬೆಳೆದವನು ದೊಡ್ಡವನಾಗಿ ಕಬ್ಬಿಣ ಹಿಡಿದ, ಮೇಸ್ತ್ರಿಯಾದ, ಎಂಟು ಜನರ ಗುಂಪು ಕಟ್ಟಿದ. ಕಂಬಿಯ ತುದಿಯನ್ನು ಅಂದಾಜಿನ ಮೇಲೆ ಬಗ್ಗಿಸಿದರೂ ಅಳತೆಪಟ್ಟಿ ಅವನ ಕಡೆಗೇ ಸಾಕ್ಷಿ ಹೇಳುತ್ತಿತ್ತು. ಅದರ ಜಂಬವೂ ಅವನಿಗೆ ಚೆನ್ನಾಗಿಯೇ ಇತ್ತು.

ತಪ್ಪೆಲ್ಲ ಒಂದು ಮಾತಿನಲ್ಲಿತ್ತು ಎಂದರೆ ನಗಬೇಡಿ. ಆ ಕಟ್ಟುಗಳ ಮೇಲೆ ದೊಡ್ಡ ಅಕ್ಷರದಲ್ಲಿ 'ಬಸಾಲ್ಟ್ ಕಂಬಿ' ಎಂದು ಬರೆದಿತ್ತು. ಮಾರುವವರಿಗೆ ಏನು ಹೋಗಬೇಕು, ಜನಕ್ಕೆ ಗೊತ್ತಿರುವ ಹೆಸರಿಟ್ಟರೆ ಸರಕು ಬೇಗ ಹೋಗುತ್ತದೆ. ಆದರೆ ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಬಾಳಿದವನಿಗೆ ಕಂಬಿ ಎಂದರೆ ಕಂಬಿಯೇ. ಬಗ್ಗದಿದ್ದರೆ ಬೆಂಕಿ ತೋರಿಸು, ಬಗ್ಗುತ್ತದೆ. ಆರಿದ ಮೇಲೆ ಮತ್ತೆ ಮೊದಲಿನಷ್ಟೇ ಗಟ್ಟಿ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಕಟ್ಟಡದ ಕೆಲಸದವರೇ ಕಟ್ಟಿರಬೇಕು. ಎಳೆಯಕ್ಕ ಮೊದಲ ದಿನವೇ ಎಚ್ಚರಿಸಿದ್ದಳು: "ಇದು ಕಂಬಿ ಅಲ್ಲ ಕಣೋ, ಅಂಟಲ್ಲಿ ಗಟ್ಟಿಯಾದ ಹಗ್ಗ. ಬಗ್ಗಿಸೋದಿದ್ರೆ ಅಂಟು ಹಸಿ ಇದ್ದಾಗ ಕಾರ್ಖಾನೇಲೇ ಅಚ್ಚಲ್ಲಿಟ್ಟು ಬಗ್ಗಿಸ್ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಮರ ಬಗ್ಗಿಸೋರನ್ನೂ ನೋಡಿದೀನಿ ಬಿಡಕ್ಕ" ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು.

ಆಸ್ಪತ್ರೆಗೆ ಮೂರು ಮಹಡಿ, ಸಮುದ್ರದ ಕಡೆಗೆ ಹದಿನಾರು ಬಾಲ್ಕನಿ. ಬಾಲ್ಕನಿಗೆ ಕೆಳಗೆ ಕಂಬವಿಲ್ಲ. ಗೋಡೆಯೊಳಗಿನ ತೊಲೆಗೆ ತನ್ನ ಕಂಬಿಗಳ ಬಗ್ಗಿದ ತುದಿಯನ್ನು ಸಿಕ್ಕಿಸಿಕೊಂಡು ಗಾಳಿಯಲ್ಲಿ ನಿಂತಿರುತ್ತದೆ. ಆ ಕೊಕ್ಕೆಯೇ ಅದರ ಪ್ರಾಣ. ಕಾರ್ಖಾನೆಯಿಂದ ಅಚ್ಚಿನಲ್ಲಿ ಬಗ್ಗಿಸಿದ ಕೊಕ್ಕೆ ಕಂಬಿಗಳು ಬರಬೇಕಿತ್ತು, ಬಂದವು ಕೂಡ. ಆದರೆ ಲಾರಿಯಲ್ಲಿ ಭಾರ ಬಿದ್ದು ಅರ್ಧಕ್ಕರ್ಧ ಸೀಳಿದ್ದವು. ಬೇರೆಯದಕ್ಕೆ ಮೂರು ವಾರ ಕಾಯಬೇಕು ಎಂದರು. ಸೆಂಟ್ರಿಂಗ್ ಹಲಗೆ ಹೊಡೆದಾಗಿತ್ತು, ಕಾಂಕ್ರೀಟಿನ ದಿನ ಗೊತ್ತಾಗಿತ್ತು, ನೇರ ಕಂಬಿಗಳು ಬೇಕಾದಷ್ಟು ಬಿದ್ದಿದ್ದವು. ಮೇಸ್ತ್ರಿ ಯಾರನ್ನೂ ಕೇಳದೆ ಗ್ಯಾಸಿನ ಉರಿ ಹಚ್ಚಿಕೊಂಡ.

ಕಾಂಕ್ರೀಟು ಹಾಕಿ ಹತ್ತು ದಿನವಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅವನು ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಊಟಕ್ಕೆ ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅಕ್ಕಾ, ನೀನು ಅತ್ತೆಯಾಗ್ತಿದೀಯ."

ಒಂಬತ್ತು ವರ್ಷ ಕಾದ ಮಾತು ಅದು. ಎಳೆಯಕ್ಕ ಕೈಯಲ್ಲಿದ್ದ ಸೌಟನ್ನು ಬಿಟ್ಟು ಓಡಿಬಂದು ತಮ್ಮನನ್ನು ಅಪ್ಪಿಕೊಂಡಳು. ಅವನ ಹೆಗಲಿಗೆ ಮುಖ ಒತ್ತಿದ್ದೇ ತಡ, ಮೂಗಿಗೆ ಆ ವಾಸನೆ ಬಡಿಯಿತು. ಅಂಗಿ ಒಗೆದಿದ್ದರೂ ಬಿಡದ, ಸಿಹಿಸಿಹಿಯಾದ ಸುಟ್ಟ ಅಂಟಿನ ವಾಸನೆ. ಕಾರ್ಖಾನೆಯಲ್ಲಿ ಒಣಗಿಸುವ ಯಂತ್ರ ಕೆಟ್ಟು ನಿಂತು, ಕೋಲುಗಳು ಒಳಗೇ ಸೀದುಹೋದ ದಿನ ಮಾತ್ರ ಬರುವ ವಾಸನೆ. ಅಂಥ ಕೋಲುಗಳನ್ನು ಅವರು ಮುರಿದು ಗುಂಡಿಗೆ ಎಸೆಯುತ್ತಿದ್ದರು.

ಊಟ ಮುಗಿಯುವವರೆಗೂ ಅವಳು ತಡೆದುಕೊಂಡಳು. ಅವನ ಹೆಂಡತಿ ಒಳಗೆ ಮಲಗಿದ ಮೇಲೆ ಹಿತ್ತಲಿಗೆ ಕರೆದು ಕೇಳಿದಳು.

"ಲೋ, ಕಂಬಿಗೆ ಬೆಂಕಿ ಹಿಡಿದ್ಯಾ?"

ಅವನು ಮುಚ್ಚಿಡಲಿಲ್ಲ. ಜಂಬವೇ ಬಾಯಿ ತೆರೆಸಿತು. "ಹೂಂ, ಬೆಣ್ಣೆ ಹಾಗೆ ಬಗ್ತು. ಮೂರು ವಾರ ಯಾರಕ್ಕ ಕಾಯ್ತಾರೆ? ನೀವು ಅಚ್ಚು ಗಿಚ್ಚು ಅಂತ ಸುಮ್ನೆ ಹೆದರಿಸ್ತೀರ."

"ಬಗ್ಗಿದ್ದು ಕಲ್ಲಿನ ಎಳೆ ಅಲ್ಲ ಕಣೋ, ಸುಟ್ಟುಹೋಗಿದ್ದು ಅದನ್ನ ಹಿಡ್ಕೊಂಡಿದ್ದ ಅಂಟು! ಈಗ ಆ ತಿರುವಲ್ಲಿ ಏನಿದೆ ಗೊತ್ತಾ? ಹೊಲಿಗೆ ಬಿಚ್ಚಿದ ಗೋಣಿಚೀಲ. ಬರೀ ಎಳೆ, ಒಂದಕ್ಕೊಂದು ಸಂಬಂಧ ಇಲ್ಲ. ಒಂದು ದಿನ ತಡ್ಕೊಳತ್ತೆ, ಒಂದು ತಿಂಗಳು ತಡ್ಕೊಳತ್ತೆ. ಆಮೇಲೆ? ಅಲ್ಲಿ ನಿಂತ್ಕೊಳೋರು ಯಾರು? ಬಸುರಿ ಬಾಣಂತೀರು!"

ಅವನ ಮುಖ ನಿಧಾನಕ್ಕೆ ಬಿಳಿಚಿತು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಕೂತಲ್ಲಿಂದಲೇ ಹೇಳಿದ, "ಇಷ್ಟು ದಿನ ಕಂಬಿ ಕಟ್ಟಿದೆ, ಇನ್ಮೇಲೆ ಕಂಬಿ ಎಣಿಸು ಅಂತೀಯ. ಅದೂ ಇಂಥ ಹೊತ್ತಲ್ಲಿ, ಅವಳು ಹೀಗಿರುವಾಗ."

"ನಾಳೆ ಬೆಳಿಗ್ಗೆ ನೀನೇ ಇಂಜಿನಿಯರ್ ಹತ್ರ ಹೇಳ್ತೀಯ. ನಾನೂ ಬರ್ತೀನಿ. ಹೇಳ್ದಿದ್ರೆ ನಾನು ಹೇಳ್ತೀನಿ. ಎಷ್ಟು ಬಾಲ್ಕನಿಗೆ ಹಾಕಿದ್ಯಾ?"

"ಆರು."

ಅವನು ತಲೆಯೆತ್ತಿ ಅವಳ ಕಣ್ಣನ್ನೇ ನೋಡುತ್ತ ಹೇಳಿದ. ಈ ತಮ್ಮ ಚಿಕ್ಕಂದಿನಿಂದಲೂ ಹಾಗೆ. ಲೋಕವೆಲ್ಲ ಸುಳ್ಳು ಹೇಳುವಾಗ ನೆಲ ನೋಡಿದರೆ ಇವನು ನಿಜ ಹೇಳುವಾಗ ನೆಲ ನೋಡುತ್ತಿದ್ದ. ಸುಳ್ಳಿಗೆ ಮಾತ್ರ ಕಣ್ಣಿಗೆ ಕಣ್ಣು ಕೊಟ್ಟು ಕಾವಲು ನಿಲ್ಲುತ್ತಿದ್ದ. ಅವಳಿಗಿಂತ ಚೆನ್ನಾಗಿ ಇದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಮ್ಮೆ ಕೇಳಬೇಕು ಎಂದು ನಾಲಿಗೆಯ ತುದಿಗೆ ಬಂತು. ಒಳಗಿನಿಂದ ಅವನ ಹೆಂಡತಿ ಕೆಮ್ಮಿದಳು. ಆರನ್ನಾದರೂ ಒಪ್ಪಿಕೊಂಡನಲ್ಲ, ಪಾಪ, ಎಷ್ಟೆಂದು ಹಿಂಡುವುದು ಎಂದುಕೊಂಡು ಎಳೆಯಕ್ಕ ಸುಮ್ಮನಾದಳು. ಸಾಕಿದ ಕರುಳು ಎಂಬುದು ಬಹಳ ಅನುಕೂಲದ ವಸ್ತು, ಬೇಕಾದಾಗ ಕಿವಿ ಮುಚ್ಚಿಕೊಳ್ಳಲು ಬರುತ್ತದೆ.

ಮರುದಿನ ಬೆಳಿಗ್ಗೆ ಇಬ್ಬರೂ ಕಟ್ಟಡದ ಹತ್ತಿರ ಹೋದರು. ಇಂಜಿನಿಯರ್ ಮೂವತ್ತು ದಾಟದ ಹೆಂಗಸು, ಧೂಳು ಹಿಡಿದ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಟೀ ಕುಡಿಯುತ್ತಿದ್ದಳು. ತಮ್ಮ ಹೇಳಿದ್ದನ್ನು ಕೇಳುತ್ತ ಕೇಳುತ್ತ ಲೋಟವನ್ನು ಕೆಳಗಿಟ್ಟಳು. ಕೂಗಾಡಲಿಲ್ಲ. ಎದ್ದು ಹೋಗಿ ಕೈಯಲ್ಲಿ ಹಿಡಿಯುವಂಥ ಒಂದು ಪೆಟ್ಟಿಗೆ ತಂದಳು.

"ಇದು ಗೋಡೆಯೊಳಗಿನ ಕಂಬಿ ಹುಡುಕೋ ಯಂತ್ರ. ಕಬ್ಬಿಣ ಇದ್ರೆ ಕೂಗುತ್ತೆ. ನಿಮ್ಮ ಕರಿಗಲ್ಲಿನ ಮೇಲೆ ಇಟ್ರೆ ಇದು ಕುರುಡು, ಕಿವುಡು ಎರಡೂ. ಒಳಗೆ ಕಂಬಿ ಇದೆಯೋ ಇಲ್ವೋ ಅಂತಾನೇ ಹೇಳಲ್ಲ, ಇನ್ನು ಸುಟ್ಟಿದ್ಯೋ ಅಂತ ಎಲ್ಲಿ ಹೇಳುತ್ತೆ? ಹಾಗಾಗಿ ನಿಮ್ಮ ಬಾಯಿಮಾತು ಬಿಟ್ರೆ ನನಗೆ ಬೇರೆ ದಾರಿ ಇಲ್ಲ. ಯಾವ್ಯಾವುದು?"

ಎರಡನೇ ಮಹಡಿಯ ಆರೂ ಬಾಲ್ಕನಿಗಳು ಎಂದು ತಮ್ಮ ಹೇಳಿದ.

"ಬೇರೆ ಯಾವುದೂ ಇಲ್ವಾ?"

"ಇಲ್ಲ ಮೇಡಂ."

ಇಂಜಿನಿಯರ್ ಅವನನ್ನು ಬಿಟ್ಟು ಎಳೆಯಕ್ಕನ ಕಡೆ ತಿರುಗಿದಳು. "ಅಮ್ಮಾ, ನೀವು ಆ ಕಾರ್ಖಾನೆಯವರು. ಇದು ಏನು ಅಂತ ನಿಮಗೆ ಗೊತ್ತು. ನೀವು ಹೇಳಿ, ಆರೇನಾ?"

"ಆರೇ" ಎಂದಳು ಎಳೆಯಕ್ಕ. "ನನ್ನ ತಮ್ಮ ನನಗೆ ಸುಳ್ಳು ಹೇಳಲ್ಲ."

ಆರು ಬಾಲ್ಕನಿಗಳನ್ನು ಒಡೆದರು. ತಿರುವುಗಳಲ್ಲಿ ಎಳೆಗಳು ಸುಟ್ಟ ನಾರಿನಂತೆ ಕೆದರಿ ನಿಂತಿದ್ದನ್ನು ನೋಡಿ ಗುಂಪಿನವರೆಲ್ಲ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ಉಳಿದ ಹತ್ತರ ಮೇಲೆ ಇಂಜಿನಿಯರ್ ಒಂದಿಡೀ ದಿನ ಮರಳಿನ ಮೂಟೆ ಹೇರಿಸಿದಳು. ಒಂದೂ ಕೂದಲೆಳೆಯಷ್ಟು ಜಗ್ಗಲಿಲ್ಲ. ಒಂದು ದಿನ ಹೊರುವುದೇ ಬೇರೆ, ದಿನಾ ಹೊರುವುದೇ ಬೇರೆ. ಆದರೆ ಕಾಗದದ ಮೇಲೆ ಸರಿ ಎಂದು ಬಿತ್ತು.

ತಮಾಷೆಯೆಂದರೆ, ಮೇಸ್ತ್ರಿಯ ಮಾನ ಹೋಗುವ ಬದಲು ಹೆಚ್ಚಿತು. ತಾನಾಗಿಯೇ ಬಂದು ತಪ್ಪೊಪ್ಪಿಕೊಂಡವನು ಎಂದು ಇಂಜಿನಿಯರ್ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಕಾರ್ಖಾನೆಯಿಂದ ಬಂದ ಹೊಸ ಕೊಕ್ಕೆಗಳನ್ನು ಹಾಕಿ ಆರನ್ನೂ ಅವನೇ ಮತ್ತೆ ಕಟ್ಟಿದ. ಹೊಸ ಕೆಲಸಗಾರರಿಗೆ ಪಾಠ ಹೇಳುವಾಗ ಅವಳು ಅವನನ್ನೇ ತೋರಿಸಿ, "ಮನುಷ್ಯ ಅಂದ್ರೆ ಹೀಗಿರ್ಬೇಕು" ಎನ್ನುತ್ತಿದ್ದಳಂತೆ. ಅವನು ಅಕ್ಕನಿಗೆ ಇದನ್ನು ಹೇಳಿದಾಗ ನಗಲಿಲ್ಲ. ಎಳೆಯಕ್ಕನೂ ಏಕೆಂದು ಕೇಳಲಿಲ್ಲ. ಕೇಳದೇ ಇರುವುದು ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಆರು ತಿಂಗಳಿಗೆ ಆಸ್ಪತ್ರೆ ತೆರೆಯಿತು. ಇನ್ನೊಂದು ತಿಂಗಳಿಗೆ ಅವನ ಹೆಂಡತಿಗೆ ಅಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ತಲೆತುಂಬ ಕೂದಲು.

ಮೂರನೆಯ ದಿನ ಬೆಳಿಗ್ಗೆ ಎಳೆಯಕ್ಕ ಬಿಸಿನೀರಿನ ಫ್ಲಾಸ್ಕು, ಮಡಚಿದ ಹಳೇ ಮೆತ್ತನೆಯ ಬಟ್ಟೆಗಳನ್ನು ಹಿಡಿದು ಹೋದಳು. ಮೂರನೇ ಮಹಡಿಯ ಕೊನೆಯ ರೂಮು ಎಂದು ಹಿಂದಿನ ದಿನ ಹೇಳಿದ್ದರು. ಕೆಳಗೆ ಕೂತ ನರ್ಸು, "ಅವರು ರೂಮು ಬದಲಾಯಿಸ್ಕೊಂಡ್ರಲ್ಲ, ಮೊದಲನೇ ಮಹಡಿ ಹಿಂಭಾಗ" ಎಂದಳು. ಹೋಗಿ ನೋಡಿದರೆ ಕಿಟಕಿಯ ಆಚೆ ನೀರಿನ ಟ್ಯಾಂಕಿನ ಗೋಡೆ. ಬಾಣಂತಿ ಮುಖ ಊದಿಸಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದಳು.

"ನಿಮ್ಮ ತಮ್ಮನಿಗೆ ಬುದ್ಧಿ ಹೇಳಿ ಅಕ್ಕಾ. ಈ ಕಟ್ಟಡ ಕಟ್ಟಿದ ಮೇಸ್ತ್ರಿ ಅಂತ ಮರ್ಯಾದೆಗೆ ಸಮುದ್ರ ಕಾಣೋ ರೂಮು ಕೊಟ್ಟಿದ್ರು. ನಿನ್ನೆ ಸಂಜೆ ಇವರು ಬಂದೋರೇ, ಬಾಲ್ಕನಿ ಬಾಗಿಲು ತೆಗೆದಿದ್ದು ನೋಡಿ ಮೈಮೇಲೆ ಬಂದೋರ ಹಾಗೆ ಆಡಿದ್ರು. ಬಾಗಿಲು ಹಾಕಿ, ಚಿಲಕಕ್ಕೆ ತಂತಿ ಸುತ್ತಿ ಬಿಗಿದ್ರು. ಗಾಳಿ ಮಗೂಗೆ ಆಗಲ್ಲ ಅಂತೆ! ನಿಂತ ಕಾಲಲ್ಲೇ ರೂಮು ಬದಲಾಯಿಸಿದ್ರು. ಇಲ್ಲಿ ನೋಡಿ, ಗೋಡೆ ನೋಡ್ಕೊಂಡು ಬಿದ್ದಿರ್ಬೇಕು."

ಎಳೆಯಕ್ಕನ ಕೈಯಲ್ಲಿದ್ದ ಫ್ಲಾಸ್ಕು ಭಾರವಾಯಿತು. ಅದನ್ನು ಮೇಜಿನ ಮೇಲೆ ಇಟ್ಟಳು. ಏಳು ತಿಂಗಳು ಎಷ್ಟು ಜೋಪಾನವಾಗಿ ಕೇಳದೇ ಇದ್ದಳೋ ಆ ಪ್ರಶ್ನೆಗೆ ಈಗ ಯಾರೂ ಕೇಳದೆಯೇ ಉತ್ತರ ಸಿಕ್ಕಿತ್ತು.

"ಆ ರೂಮಲ್ಲಿ ಈಗ ಯಾರಿದಾರೆ?"

"ಯಾರೋ ಅವಳಿ ಮಕ್ಕಳಾದೋರು. ಅವರ ಅಜ್ಜಿ ಆಗ್ಲೇ ಆಯಾನ ಕರೆದು ತಂತಿ ಬಿಚ್ಚಿಸಿದ್ರಂತೆ. ಎರಡೆರಡು ಮಕ್ಕಳ ಬಟ್ಟೆ, ಒಣಗಿಸ್ಬೇಡ್ವಾ?"

ಎಳೆಯಕ್ಕ ಓಡಿದಳು. ಮಂಡಿ ಇದೆಯೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಎರಡು ಮಹಡಿ ಹತ್ತಿ, ಉದ್ದನೆಯ ಕಾರಿಡಾರಿನಲ್ಲಿ ಕಸಗುಡಿಸುವವಳನ್ನು ತಳ್ಳಿಕೊಂಡು ಕೊನೆಯ ರೂಮಿನ ಬಾಗಿಲಿಗೆ ಬಂದಳು. ಮಂಚದ ಮೇಲೆ ಹುಡುಗಿಯೊಬ್ಬಳು ಎರಡು ಮಕ್ಕಳನ್ನು ಎರಡು ಮಗ್ಗುಲಿಗೆ ಮಲಗಿಸಿಕೊಂಡು ನಿದ್ದೆ ಹೋಗಿದ್ದಳು. ತೆರೆದ ಬಾಗಿಲಿನ ಆಚೆ ಬಾಲ್ಕನಿಯಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಕಾಲ ಬಳಿ ಬಕೆಟ್ಟು, ಕಟಾಂಜನದ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಟ್ಟೆ, ಅದರಾಚೆ ಬೆಳ್ಳಗೆ ಹೊಳೆಯುವ ಸಮುದ್ರ.

"ಅಜ್ಜೀ, ಒಳಗೆ ಬನ್ನಿ! ಬೇಗ ಒಳಗೆ ಬನ್ನಿ!"

ಅಜ್ಜಿ ತಿರುಗಿ ನೋಡಿ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕಳು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದೆಂದು ಆಸ್ಪತ್ರೆಯವರು ಬೋರ್ಡು ಹಾಕಿದ್ದರು. ಇವಳು ಅದನ್ನು ಹೇಳಲು ಬಂದ ಆಸ್ಪತ್ರೆಯವಳು ಎಂದುಕೊಂಡಳು. "ಬಯ್ಬೇಡ ತಾಯಿ, ಇನ್ನೆರಡೇ ಬಟ್ಟೆ. ಮುಗಿಸಿ ಬಂದ್ಬಿಟ್ಟೆ" ಎಂದು ಬಕೆಟ್ಟಿಗೆ ಬಗ್ಗಿದಳು.

ಎಳೆಯಕ್ಕ ಕೈ ಚಾಚಿದಳು. ಹತ್ತೊಂಬತ್ತು ವರ್ಷ ತುಂಡಾದದ್ದನ್ನು ಹಿಡಿದ ಕೈ. ಹಳೇ ಸೀರೆ ಹರಿದಂತೆ ಒಂದು ಸದ್ದಾಯಿತು, ಅಷ್ಟೇ. ಅಜ್ಜಿ, ಬಕೆಟ್ಟು, ಬಟ್ಟೆ, ಕಟಾಂಜನ ಯಾವುದೂ ಅಲ್ಲಿರಲಿಲ್ಲ. ಸಮುದ್ರ ಮಾತ್ರ ಇತ್ತು. ಕೆಳಗಿನಿಂದ ಧೂಳು ಎದ್ದು ಬಂತು. ಮಂಚದ ಮೇಲಿದ್ದ ಹುಡುಗಿ ಎದ್ದು, "ಅಮ್ಮ ಎಲ್ಲಿ?" ಎಂದು ಕೇಳಿದಳು. ಎಳೆಯಕ್ಕ ಅವಳನ್ನು ಬಾಗಿಲ ಹತ್ತಿರ ಬರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಪೊಲೀಸರು, ಆಸ್ಪತ್ರೆಯವರು, ಇಂಜಿನಿಯರ್ ಎಲ್ಲರೂ ಸೇರಿದ್ದರು. ಅಜ್ಜಿಯ ದೇಹವನ್ನು ಒಯ್ದಾಗಿತ್ತು. ಮುರಿದು ಕೆಳಗೆ ಬಿದ್ದಿದ್ದ ಕಾಂಕ್ರೀಟಿನ ಅಂಚಿನಿಂದ ಕರಿ ಎಳೆಗಳು ಜಡೆ ಬಿಚ್ಚಿದಂತೆ ಜೋತುಬಿದ್ದಿದ್ದವು. ಎಳೆಯಕ್ಕ ಬಗ್ಗಿ ಬೆರಳಿನಿಂದ ಮುಟ್ಟಿದಳು. ತನ್ನ ಕಾರ್ಖಾನೆಯದೇ ಎಳೆ, ಎಲ್ಲೂ ಗಂಟಿಲ್ಲದ್ದು, ನುಣುಪಾಗಿ ಇಳಿದದ್ದು. ಕಲ್ಲು ತನ್ನ ಕೆಲಸ ಮಾಡಿತ್ತು.

ತಮ್ಮ ಕೆಲಸದ ಬಟ್ಟೆಯಲ್ಲೇ ಓಡಿಬಂದು ಗುಂಪಿನ ನಡುವೆ ಕುಸಿದು ಕೂತಿದ್ದ. ಇಂಜಿನಿಯರ್ ಅವನ ಮುಂದೆ ನಿಂತಳು.

"ಇನ್ನೆಷ್ಟಿವೆ?"

"ಇಲ್ಲ ಮೇಡಂ. ಇದೊಂದೇ. ಮೊದಲು ಬಗ್ಗಿಸಿದ್ದು ಇದಕ್ಕೇ, ಹೇಗಾಗುತ್ತೋ ನೋಡೋಣ ಅಂತ. ಮೂರನೇ ಮಹಡೀಲಿ ಮಾಡಿದ್ದು ಇದೊಂದೇ. ಆವತ್ತು ಆರು ಅಂತ ಬಾಯಿಗೆ ಬಂದ್ಬಿಡ್ತು, ಆಮೇಲೆ ಏಳು ಅನ್ನೋಕೆ ಬಾಯಿ ಬರ್ಲಿಲ್ಲ. ಉಳಿದ ಒಂಬತ್ತೂ ಕಾರ್ಖಾನೇದೇ ಕೊಕ್ಕೆ. ನನ್ನ ಮಗೂ ಮೇಲಾಣೆ." ಅಲ್ಲಿಯವರೆಗೂ ನೆಲ ನೋಡುತ್ತಿದ್ದವನು ಅಕ್ಕನ ಕಡೆ ನೋಡಿದ. "ಅಕ್ಕಾ, ನೀನಾದ್ರೂ ಹೇಳು."

ಇಂಜಿನಿಯರ್ ಕೂಡ ಅವಳ ಕಡೆ ತಿರುಗಿದಳು. ಹಿಂದೆಯೂ ಹೀಗೆಯೇ ತಿರುಗಿದ್ದಳು.

"ಒಂಬತ್ತನ್ನೂ ಒಡೀರಿ" ಎಂದಳು ಎಳೆಯಕ್ಕ. "ಅವನ ಮಾತು ನಂಬ್ಬೇಡಿ. ನನ್ನ ಮಾತೂ ನಂಬ್ಬೇಡಿ. ಆವತ್ತು ಇವನು ಸುಳ್ಳು ಹೇಳ್ತಿದಾನೆ ಅಂತ ನನಗೆ ಅನ್ನಿಸಿತ್ತು. ಅನ್ನಿಸಿದ್ರೂ ಆರೇ ಅಂದೆ."

ತಮ್ಮ ತಲೆ ತಗ್ಗಿಸಿದ. ಪೊಲೀಸರು ಅವನನ್ನು ಎಬ್ಬಿಸಿ ಕರೆದೊಯ್ದರು.

ಬಾಣಂತಿಯರನ್ನೆಲ್ಲ ಬೇರೆಡೆ ಸಾಗಿಸಿ ಹನ್ನೆರಡು ದಿನ ಒಂಬತ್ತು ಬಾಲ್ಕನಿಗಳನ್ನು ಒಡೆದರು. ಎಳೆಯಕ್ಕ ರಜೆ ಹಾಕಿ ದಿನವೂ ಹೋಗಿ ನಿಂತಳು. ಒಡೆಯುವವರಿಗೆ ಕೈ ಸೋತುಹೋಯಿತು, ಅಷ್ಟು ಗಟ್ಟಿಯಾಗಿದ್ದವು. ಪ್ರತಿಯೊಂದರಲ್ಲೂ ಅಚ್ಚಿನಲ್ಲಿ ಬಗ್ಗಿಸಿದ ಕೊಕ್ಕೆಗಳು ಮಿರಿಮಿರಿ ಹೊಳೆಯುತ್ತ ಹೊರಬಂದವು. ಒಂದರಲ್ಲೂ ಸುಟ್ಟ ಗುರುತಿಲ್ಲ. ಉಪ್ಪುಗಾಳಿ ನೂರು ವರ್ಷ ಬಡಿದರೂ ಅಲುಗುತ್ತಿರಲಿಲ್ಲ ಎಂದು ಒಡೆಯುವವನೊಬ್ಬ ಹೇಳಿದ. ಅಂಗಳದಲ್ಲಿ ತಮ್ಮ ಹೇಳಿದ್ದು ನಿಜವೇ ಆಗಿತ್ತು.

ಅದನ್ನು ತಾನೇ ತಿಳಿಸಬೇಕೆಂದು ಅವಳು ಜೈಲಿಗೆ ಹೋದಳು. ಜಾಲರಿಯ ಆಚೆ ಅವನು ಕೂತಿದ್ದ, ಗಡ್ಡ ಬಂದಿತ್ತು. ಮಗು ಎದೆಹಾಲು ಕುಡಿಯುತ್ತಿದೆ, ತೂಕ ಏರಿದೆ ಎಂದು ಮೊದಲು ಹೇಳಿದಳು. ಆಮೇಲೆ ಹೇಳಿದಳು, "ಒಂಬತ್ತೂ ಸರಿಯಾಗಿದ್ವು ಕಣೋ."

"ಹೇಳಿದ್ನಲ್ಲಕ್ಕ."

"ಹೂಂ. ನೀನು ಹೇಳಿದ್ದೆ."

ಪಕ್ಕದಲ್ಲಿ ಯಾರೋ ಹೆಂಗಸು ತನ್ನ ಗಂಡನಿಗೆ ಮನೆಯ ನಲ್ಲಿ ಸೋರುತ್ತಿರುವ ವಿಷಯ ಹೇಳುತ್ತಿದ್ದಳು.

"ಆವತ್ತು ಹಿತ್ತಲಲ್ಲಿ" ಎಂದ ಅವನು, "ನೀನು ಇನ್ನೊಂದ್ಸಲ ಕೇಳ್ತೀಯ ಅಂತ ಕಾದೆ. ಯಾವಾಗ್ಲೂ ಎರಡು ಸಲ ಕೇಳ್ತಿದ್ದೆ ನೀನು. ಚಿಕ್ಕವನಿದ್ದಾಗಿಂದ ಎರಡನೇ ಸಲಕ್ಕೆ ನಾನು ಹೇಳಿಬಿಡ್ತಿದ್ದೆ. ಆವತ್ತೂ ಹೇಳ್ತಿದ್ದೆ ಅಕ್ಕಾ. ನೀನು ಕೇಳ್ಲೇ ಇಲ್ಲ."

ಎಳೆಯಕ್ಕ, ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಬೇಡ ಎಂದು ಬಯ್ಯಬೇಕೆಂದುಕೊಂಡಳು. ಆದರೆ ಇನ್ನೊಮ್ಮೆ ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದನೆಂದು ಅವಳಿಗೆ ಆ ಹಿತ್ತಲಿನಲ್ಲೇ ಗೊತ್ತಿತ್ತು. ಹೊತ್ತಾಯಿತೆಂದು ಕಾವಲಿನವನು ಬಂದು ಹೇಳಿದ. ಅವಳು ಎದ್ದು ಹೊರಟಳು.